ಎರಡು ಕೈ, ಎರಡು ಕಾಲು: ಸರ್ಫ್ ಸಂಗೀತಕ್ಕೆ ಮನೆಯಲ್ಲೇ ಡ್ರಮ್ಸ್

1962-63ರ ಚಳಿಗಾಲ. ಕ್ಯಾಲಿಫೋರ್ನಿಯಾದ ಕುಕಮಾಂಗ ಎಂಬ ಊರಿನ ಪಾಲ್ ರೆಕಾರ್ಡಿಂಗ್ ಸ್ಟುಡಿಯೋಗೆ ಹದಿಹರೆಯದ ಹುಡುಗರ ಬ್ಯಾಂಡೊಂದು ಬಂದಿತ್ತು. ಹೆಸರು ದಿ ಸರ್ಫಾರಿಸ್. 'ಸರ್ಫರ್ ಜೋ' ಎಂಬ ಹಾಡನ್ನು ಮುದ್ರಿಸುವುದು ಅವರ ಉದ್ದೇಶ. ತಟ್ಟೆಯ ಇನ್ನೊಂದು ಮಗ್ಗುಲಿಗೂ ಏನಾದರೂ ಬೇಕಲ್ಲ, ಅದಕ್ಕಾಗಿ ಸ್ಟುಡಿಯೋದಲ್ಲೇ ಒಂದು ವಾದ್ಯಸಂಗೀತವನ್ನು ಕಟ್ಟಿದರು. ಡ್ರಮ್ಮರ್ ರಾನ್ ವಿಲ್ಸನ್ ತನ್ನ ಶಾಲೆಯ ಕವಾಯತು ಬ್ಯಾಂಡಿನ ನಡೆಯೊಂದನ್ನು ಎತ್ತಿಕೊಂಡು, ವೇಗ ಹೆಚ್ಚಿಸಿ, ಎಡಬಿಡದೆ ಬಾರಿಸಿದ. 'ವೈಪ್ ಔಟ್' ಹುಟ್ಟಿದ್ದು ಹೀಗೆ. ಮುಖ್ಯ ಹಾಡನ್ನು ಹಿಂದಿಕ್ಕಿದ ಈ ಮಗ್ಗುಲು 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೆ ಏರಿತು. ಇಂದಿಗೂ ಡ್ರಮ್ಸ್ ಕಲಿಯುವ ಮಕ್ಕಳು ಮೇಜು ಕಂಡಲ್ಲೆಲ್ಲ ಬೆರಳಿನಿಂದ ಬಾರಿಸಿ ನೋಡುವುದು ಅದೇ ನಡೆಯನ್ನು.

ಸರ್ಫ್ ಸಂಗೀತವೆಂದರೆ ಗಿಟಾರು ಎಂದೇ ಹೆಚ್ಚಿನವರ ಎಣಿಕೆ. ಫೆಂಡರ್ ಕಂಪನಿ 1961ರಲ್ಲಿ ಹೊರತಂದ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯ ಒದ್ದೆ ನಾದ, ಒಂದೇ ತಂತಿಯ ಮೇಲೆ ಮೇಲೆಕೆಳಗೆ ಓಡುವ ಮೀಟು, ಇವೇ ಮೊದಲು ಕಿವಿಗೆ ಬೀಳುವುದು. ಆದರೆ ಆ ಮೀಟಿನ ಬೇರು ಇರುವುದೇ ತಾಳವಾದ್ಯದಲ್ಲಿ. 'ಮಿಸರ್ಲೂ'ವನ್ನು 1962ರಲ್ಲಿ ಗಿಟಾರಿಗೆ ತಂದ ಡಿಕ್ ಡೇಲ್‌ಗೆ ಲೆಬನಾನ್ ಮೂಲದ ತಂದೆಯ ಮನೆತನದಿಂದ ದರ್ಬುಕದಂಥ ಅರಬ್ ಚರ್ಮವಾದ್ಯದ ಪರಿಚಯವಿತ್ತು. ಜಾಝ್ ಡ್ರಮ್ಮರ್ ಜೀನ್ ಕ್ರೂಪಾ ಅವನ ಆರಾಧ್ಯದೈವ. ತನ್ನ ಗಿಟಾರಿನ ಬಲಾಢ್ಯ ಮೀಟು ಡ್ರಮ್ಸ್‌ನಿಂದ ಬಂದದ್ದೆಂದು ಡೇಲ್ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾನೆ. ಇಂಥ ಸರ್ಫ್ ಮುದ್ರಣಗಳಲ್ಲಿ ಗಾಯಕನಿಲ್ಲ, ಸಾಹಿತ್ಯವಿಲ್ಲ. ಎರಡು ನಿಮಿಷದ ಒಂದು ವಾದ್ಯಸಂಗೀತ ಕೇಳುಗನನ್ನು ಹಿಡಿದಿಡಬೇಕಾದರೆ ಗಿಟಾರು ಮತ್ತು ಡ್ರಮ್ಸ್ ಸರಿಸಮನಾಗಿ ಮಾತಾಡಬೇಕು.

ಮನೆಯಲ್ಲೇ ಸರ್ಫ್ ಸಂಗೀತ ಮುದ್ರಿಸುವವರಿಗೆ ಎದುರಾಗುವ ತೊಡಕು ಇದೇ. ಗಿಟಾರು ಮುದ್ರಿಸಲು ಒಂದು ಆಡಿಯೋ ಇಂಟರ್‌ಫೇಸ್, ಒಂದು ಕಂಪ್ಯೂಟರ್ ಸಾಕು. ಅಸಲಿ ಡ್ರಮ್ ಸೆಟ್ಟಿಗೆ ಜಾಗ ಬೇಕು, ಹಲವು ಮೈಕು ಬೇಕು, ಸಹನೆಯುಳ್ಳ ನೆರೆಹೊರೆ ಬೇಕು. ಹೀಗಾಗಿ ಬಹುತೇಕರು ಕಂಪ್ಯೂಟರಿನೊಳಗೇ ಡ್ರಮ್ಸ್ ಬರೆಯುತ್ತಾರೆ. ಒಳ್ಳೆಯ ಸಾಧನಗಳಿಗೆ ಕೊರತೆಯಿಲ್ಲ. ಟೂನ್‌ಟ್ರ್ಯಾಕ್‌ನ ಈಝಿಡ್ರಮ್ಮರ್, ಎಕ್ಸ್‌ಎಲ್‌ಎನ್‌ನ ಅಡಿಕ್ಟಿವ್ ಡ್ರಮ್ಸ್ ಹಣ ಕೊಟ್ಟು ಕೊಳ್ಳುವಂಥವು; ಹೈಡ್ರೋಜನ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ; 1990ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಅಲೆಸಿಸ್ ಎಸ್‌ಆರ್-16 ಎಂಬ ಡ್ರಮ್ ಮೆಷೀನೂ ಇದೆ. ಆದರೂ ಮನೆಯಲ್ಲಿ ತಯಾರಾದ ಎಷ್ಟೋ ಸರ್ಫ್ ಟ್ರ್ಯಾಕುಗಳಲ್ಲಿ ಗಿಟಾರು ಜೀವಂತವಾಗಿದ್ದು ಡ್ರಮ್ಸ್ ಮಾತ್ರ ಸಪ್ಪೆಯಾಗಿರುತ್ತದೆ. ಇದಕ್ಕೆ ಸಾಧನ ಕಾರಣವಲ್ಲ. ಬರೆಯುವವರು ಆ ನಡೆಯ ಹಿಂದೆ ಕುಳಿತಿರಬೇಕಾದ ಮನುಷ್ಯನನ್ನು ಮರೆತಿರುತ್ತಾರೆ.

ಮೊದಲು ನಡೆಯನ್ನು ನೋಡೋಣ. ಸರ್ಫ್ ಬೀಟ್ ಎಂದು ಡ್ರಮ್ಮರ್‌ಗಳು ಕರೆಯುವುದು ನಾಲ್ಕೆಣಿಕೆಯ ಒಂದು ಸುತ್ತು. ಒಂದನೇ ಎಣಿಕೆಗೆ ಕಾಲಿನ ಕಿಕ್ ಡ್ರಮ್. ಎರಡನೆಯದಕ್ಕೆ ಸ್ನೇರ್ ಮೇಲೆ ಜೋಡಿ ಪೆಟ್ಟು: ಒಂದು ಎಣಿಕೆಯ ಮೇಲೆ, ಇನ್ನೊಂದು ಅದರ ಅರ್ಧದಲ್ಲಿ. ಮೂರಕ್ಕೆ ಮತ್ತೆ ಕಿಕ್. ನಾಲ್ಕಕ್ಕೆ ಸ್ನೇರ್ ಒಂದೇ ಪೆಟ್ಟು. ಬಾಯಲ್ಲಿ ಹೇಳಿಕೊಂಡರೆ 'ಧೂಂ, ತಕ, ಧೂಂ, ತ'. ಇದರ ಮೇಲೆ ಬಲಗೈ ರೈಡ್ ಸಿಂಬಲ್ಲಿನ ಮೇಲೆ ಪ್ರತಿ ಎಣಿಕೆಗೆ ಎರಡರಂತೆ ಓಡುತ್ತಿರುತ್ತದೆ. ಸಾಮಾನ್ಯ ರಾಕ್ ನಡೆಗೂ ಇದಕ್ಕೂ ಇರುವ ವ್ಯತ್ಯಾಸ ಎರಡನೇ ಎಣಿಕೆಯ ಆ ಒಂದು ಹೆಚ್ಚುವರಿ ಪೆಟ್ಟು ಮಾತ್ರ. ಇಡೀ ಸಂಗೀತವನ್ನು ಮುಂದಕ್ಕೆ ದೂಡುವುದು ಅದೇ.

ಗತಿ ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 180 ಎಣಿಕೆ. ಈ ಸಂಖ್ಯೆಯ ಬಿಸಿ ತಟ್ಟಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. 160ರ ಗತಿಯಲ್ಲಿ ಒಂದು ಎಣಿಕೆಯ ಅವಧಿ 375 ಮಿಲಿಸೆಕೆಂಡು. ಅದರ ಅರ್ಧ 187.5, ಕಾಲುಭಾಗ 94ಕ್ಕೂ ತುಸು ಕಡಿಮೆ. 'ವೈಪ್ ಔಟ್' ಮಾದರಿಯಲ್ಲಿ ಪ್ರತಿ ಎಣಿಕೆಗೂ 'ತಕಧಿಮಿ' ಎಂದು ನಾಲ್ಕು ಪೆಟ್ಟು ತುಂಬಿಸಿದರೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಪೆಟ್ಟು ಬೀಳುತ್ತವೆ. ಎರಡು ಕೈ ಸರದಿಯಲ್ಲಿ ಹಂಚಿಕೊಂಡರೂ ಒಂದೊಂದು ಕೈಗೆ ಸೆಕೆಂಡಿಗೆ ಐದು. ಹದಿಹರೆಯದ ಹುಡುಗನೊಬ್ಬ ಇದನ್ನು ಸುತ್ತಿನ ಮೇಲೆ ಸುತ್ತು ಬಾರಿಸಿದ ಎಂಬುದೇ ಆ ಮುದ್ರಣದ ರೋಮಾಂಚನ.

ಕಂಪ್ಯೂಟರಿಗೆ ಈ ವೇಗ ಏನೂ ಅಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಹತ್ತೂ ಪೆಟ್ಟು ಒಂದೇ ತೂಕದಲ್ಲಿ, ಒಂದೇ ನಾದದಲ್ಲಿ ಬಿದ್ದರೆ ಕೇಳುವುದು ಮೆಷಿನ್ ಗನ್ನಿನ ಸದ್ದು. ಧ್ವನಿಮುದ್ರಣ ಬಲ್ಲವರು ಈ ದೋಷವನ್ನು ಕರೆಯುವುದೂ ಅದೇ ಹೆಸರಿನಿಂದ.

ಇದಕ್ಕೆ ಮದ್ದು ಎರಡು. ಮೊದಲನೆಯದು ವೆಲಾಸಿಟಿ. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಪ್ರತಿ ಪೆಟ್ಟಿನ ಬಲವನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಬರೆಯಬಹುದು. 'ತಕಧಿಮಿ'ಯ ಸಾಲಿನಲ್ಲಿ ಒತ್ತು ಬೀಳುವ ಅಕ್ಷರಕ್ಕೆ 115ರಿಂದ 125, ಉಳಿದವಕ್ಕೆ 60ರಿಂದ 80 ಕೊಟ್ಟು ನೋಡಬೇಕು. ಸಾಲು ಅಲ್ಲಿಯವರೆಗೆ ಗದ್ದಲವಾಗಿದ್ದದ್ದು ಆಗ ಒಂದು ಮಾತಿನಂತೆ ಕೇಳತೊಡಗುತ್ತದೆ. ರಾನ್ ವಿಲ್ಸನ್‌ನ ನಡೆ ನೆನಪಿನಲ್ಲಿ ಉಳಿದಿರುವುದು ವೇಗದಿಂದಲ್ಲ, ಒತ್ತುಗಳು ಬಿದ್ದ ಜಾಗದಿಂದ. ಬಲಗೈಯ ಪೆಟ್ಟು ಎಡಗೈಯದಕ್ಕಿಂತ ಐದಾರು ಅಂಕಿ ಹೆಚ್ಚಿದ್ದರೆ ಇನ್ನೂ ಸಹಜ, ಏಕೆಂದರೆ ಬಹುಪಾಲು ಡ್ರಮ್ಮರ್‌ಗಳಿಗೆ ಎರಡು ಕೈಯ ಬಲ ಸಮನಾಗಿರುವುದಿಲ್ಲ. ಸರ್ಫ್ ಬೀಟಿನ ಜೋಡಿ ಪೆಟ್ಟಿನಲ್ಲೂ ಇದೇ ಮಾತು: ಎರಡರಲ್ಲಿ ಒಂದನ್ನು ತುಸು ಹಗುರ ಮಾಡಿದ ಕೂಡಲೇ ಕಟ್ಟಿದ ನಡೆಗೆ ಉಸಿರು ಬರುತ್ತದೆ. ಯಾವುದನ್ನು ಹಗುರ ಮಾಡಬೇಕೆಂಬುದನ್ನು ಗಿಟಾರಿನ ರಾಗವನ್ನು ಕೇಳಿಯೇ ನಿರ್ಧರಿಸಬೇಕು.

ಎರಡನೆಯ ಮದ್ದು ಸ್ಯಾಂಪಲ್‌ಗಳ ಸಂಖ್ಯೆ. ಒಳ್ಳೆಯ ಡ್ರಮ್ ತಂತ್ರಾಂಶಗಳಲ್ಲಿ ಒಂದೇ ಸ್ನೇರನ್ನು ಹಲವು ಬಲಗಳಲ್ಲಿ, ಪ್ರತಿ ಬಲದಲ್ಲೂ ಹಲವು ಬಾರಿ ಬಾರಿಸಿ ಮುದ್ರಿಸಿರುತ್ತಾರೆ. ಒಂದರ ಹಿಂದೊಂದು ಪೆಟ್ಟು ಬಿದ್ದಾಗ ತಂತ್ರಾಂಶ ಬೇರೆ ಬೇರೆ ಮುದ್ರಣಗಳನ್ನು ಸರದಿಯಲ್ಲಿ ಎತ್ತಿಕೊಳ್ಳುತ್ತದೆ. ರೌಂಡ್ ರಾಬಿನ್ ಎಂಬ ಈ ಸೌಲಭ್ಯ ಇಲ್ಲದ ಕಿಟ್ಟಿನಲ್ಲಿ ಸರ್ಫ್ ಸಂಗೀತ ಮಾಡುವುದು ಕಷ್ಟ. ಅಂಥ ಕಿಟ್ಟೇ ಗತಿಯಾದರೆ ಬಲಗೈಗೆ ಒಂದು, ಎಡಗೈಗೆ ಒಂದು ಎಂದು ಎರಡು ಬೇರೆ ಸ್ನೇರ್ ಸ್ಯಾಂಪಲ್ ಇಟ್ಟುಕೊಂಡು ಸರದಿಯಲ್ಲಿ ಬರೆಯಬಹುದು.

ಇನ್ನು ಮುಖ್ಯವಾದದ್ದು ಕೈಕಾಲುಗಳ ಲೆಕ್ಕ. ಡ್ರಮ್ಮರಿಗೆ ಕೈ ಎರಡು, ಕಾಲು ಎರಡು. ಎರಡೂ ಕೈ ಟಾಮ್‌ಗಳ ಮೇಲೆ 'ತಕಧಿಮಿ' ಉರುಳಿಸುತ್ತಿರುವಾಗ ರೈಡ್ ಸಿಂಬಲ್ಲನ್ನು ಬಾರಿಸುವ ಮೂರನೇ ಕೈ ಎಲ್ಲಿಂದ ಬರಬೇಕು? ಕಂಪ್ಯೂಟರಿನ ಪರದೆಯ ಮೇಲೆ ಚೌಕಗಳನ್ನು ತುಂಬಿಸುತ್ತ ಹೋಗುವವರು ಎಡವುವುದು ಇಲ್ಲಿಯೇ. ಉರುಳಿಕೆ ಬಂದಾಗ ರೈಡ್ ನಿಲ್ಲಬೇಕು. ಆಗ ಲಯವನ್ನು ಕಾಯುವುದು ಕಿಕ್ ಮತ್ತು ಎಡಗಾಲಿನ ಹೈ-ಹ್ಯಾಟ್. ಉರುಳಿಕೆ ಮುಗಿದು ಕ್ರ್ಯಾಶ್ ಸಿಂಬಲ್ ಬಿದ್ದ ಪೆಟ್ಟಿಗೆ ಕೆಳಗೊಂದು ಕಿಕ್ ಇರಬೇಕು, ಆ ಕ್ಷಣದಲ್ಲಿ ಬಲಗೈ ಕ್ರ್ಯಾಶ್ ಮೇಲಿರುವುದರಿಂದ ರೈಡ್ ಇರಬಾರದು. ಕೇಳುಗರಿಗೆ ಈ ನಿಯಮ ಗೊತ್ತಿರುವುದಿಲ್ಲ. ಆದರೂ ಮೂರನೇ ಕೈ ಕಾಣಿಸಿಕೊಂಡ ತಕ್ಷಣ 'ಇದು ಯಂತ್ರ' ಎಂದು ಅವರ ಕಿವಿ ಪತ್ತೆ ಹಚ್ಚುತ್ತದೆ.

ಟಾಮ್‌ಗಳ ಮಾತು ಬಂದಾಗ ಎರಡು ಮುದ್ರಣಗಳನ್ನು ಗಮನವಿಟ್ಟು ಕೇಳಲೇಬೇಕು. ಒಂದು, ಬೆನ್ನಿ ಗುಡ್‌ಮನ್ ತಂಡ 1937ರಲ್ಲಿ ಮುದ್ರಿಸಿದ 'ಸಿಂಗ್, ಸಿಂಗ್, ಸಿಂಗ್'. ಅದರಲ್ಲಿ ಜೀನ್ ಕ್ರೂಪಾ ಫ್ಲೋರ್ ಟಾಮ್ ಮೇಲೆ ಬಾರಿಸಿದ ನಡೆ ಸರ್ಫ್ ಸಂಗೀತದ ಅಜ್ಜ. ಇನ್ನೊಂದು, ಲಾಸ್ ಏಂಜಲೀಸ್ ಕಡೆಯ ಡ್ರಮ್ಮರ್ ಸ್ಯಾಂಡಿ ನೆಲ್ಸನ್‌ನ 1961ರ 'ಲೆಟ್ ದೇರ್ ಬಿ ಡ್ರಮ್ಸ್'. ಅಲ್ಲಿ ಡ್ರಮ್ಸ್ ನಾಯಕ, ಗಿಟಾರು ಪಕ್ಕವಾದ್ಯ. 1963ರ ಮೋಟರ್‌ಸೈಕಲ್ ಅಪಘಾತದಲ್ಲಿ ನೆಲ್ಸನ್ ಬಲಗಾಲಿನ ಒಂದು ಭಾಗವನ್ನೇ ಕಳೆದುಕೊಂಡ. ಅನಂತರ ಎಡಗಾಲಿನಲ್ಲಿ ಕಿಕ್ ಬಾರಿಸುವುದನ್ನು ಕಲಿತು ಮುದ್ರಣಗಳನ್ನು ಮುಂದುವರಿಸಿದ. ಅವನ ಡ್ರಮ್ಸ್‌ನಲ್ಲಿ ಟಾಮ್‌ಗಳು ಅಲಂಕಾರಕ್ಕೆ ಬರುವುದಿಲ್ಲ, ಅವೇ ರಾಗ ಹಾಡುತ್ತವೆ. ಮನೆಯಲ್ಲಿ ಬರೆಯುವವರು ಇದರಿಂದ ಕಲಿಯಬೇಕಾದದ್ದು ಒಂದಿದೆ: ಟಾಮ್‌ಗಳ ಶ್ರುತಿಯನ್ನು ಹಾಡಿನ ಶ್ರುತಿಗೆ ಹೊಂದಿಸುವುದು. ಇಂದಿನ ಬಹುತೇಕ ಡ್ರಮ್ ತಂತ್ರಾಂಶಗಳಲ್ಲಿ ಪ್ರತಿ ಡ್ರಮ್ಮಿಗೂ ಶ್ರುತಿಯ ತಿರುಪು ಇರುತ್ತದೆ. ಫ್ಲೋರ್ ಟಾಮ್ ಹಾಡಿನ ಆಧಾರಸ್ವರಕ್ಕೋ ಪಂಚಮಕ್ಕೋ ಹತ್ತಿರ ಬಂದರೆ ಬಾಸ್ ಗಿಟಾರಿನೊಡನೆ ಜಗಳವಾಡುವುದನ್ನು ಬಿಡುತ್ತದೆ.

ಆ ಕಾಲದ ಡ್ರಮ್ಸ್‌ನ ನಾದವೂ ಬೇರೆ. ಲಡ್ವಿಗ್, ಸ್ಲಿಂಗರ್‌ಲ್ಯಾಂಡ್, ಗ್ರೆಚ್, ರಾಜರ್ಸ್ ಕಂಪನಿಗಳ ಮರದ ಸೆಟ್ಟುಗಳು ಅಂದು ಬಳಕೆಯಲ್ಲಿದ್ದವು. ಕರುವಿನ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದದ್ದು 1950ರ ದಶಕದ ಕೊನೆಯಲ್ಲಿ. ರೆಮೋ ಕಂಪನಿಯ ಹೊದಿಕೆಗಳು 1957ರಲ್ಲಿ ಮಾರುಕಟ್ಟೆಗೆ ಬಂದವು. ಚರ್ಮ ಕಡಲತೀರದ ತೇವದಲ್ಲಿ ಸಡಿಲವಾಗುತ್ತಿತ್ತು, ಪ್ಲಾಸ್ಟಿಕ್ ಹಾಗಲ್ಲ. ಸ್ನೇರನ್ನು ಬಿಗಿಯಾಗಿ ಶ್ರುತಿ ಮಾಡುತ್ತಿದ್ದರು. ಕಿಕ್ ಡ್ರಮ್ಮಿನ ಮುಂದಿನ ಹೊದಿಕೆಗೆ ತೂತು ಇರಲಿಲ್ಲ, ಹೊಟ್ಟೆಗೆ ದಿಂಬು ತುರುಕುವ ರೂಢಿ ಬಂದದ್ದು ಆಮೇಲೆ. ಹೀಗಾಗಿ ಕಿಕ್ 'ಟಕ್' ಎನ್ನದೆ 'ಧೂಂ' ಎಂದು ತುಸು ಹೊತ್ತು ಗುನುಗುತ್ತಿತ್ತು. ಕಂಪ್ಯೂಟರಿನಲ್ಲಿ 'ಮೆಟಲ್', 'ಮಾಡರ್ನ್ ರಾಕ್' ಎಂಬ ಹೆಸರಿನ ಕಿಟ್ಟುಗಳನ್ನು ಆರಿಸಿಕೊಂಡರೆ ಈ ಗುನುಗು ಸಿಗುವುದಿಲ್ಲ. 'ವಿಂಟೇಜ್', 'ಸಿಕ್ಸ್‌ಟೀಸ್', 'ಜಾಝ್' ಎಂದಿರುವ ಕಿಟ್ಟುಗಳಲ್ಲಿ ಹುಡುಕಬೇಕು. ಜಾಝ್ ಕಿಟ್ಟೇ ಎಷ್ಟೋ ಸಲ ಸರ್ಫ್ ಸಂಗೀತಕ್ಕೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಈ ಡ್ರಮ್ಮರ್‌ಗಳು ಕೇಳಿ ಬೆಳೆದದ್ದು ಕ್ರೂಪಾನಂಥ ಜಾಝ್ ಕಲಾವಿದರನ್ನು.

ಜಾಗ, ಸೆಟ್ಟು ಎರಡೂ ಇರುವ ಅದೃಷ್ಟವಂತರು ಅಸಲಿ ಡ್ರಮ್ಸ್ ಮುದ್ರಿಸಬಹುದು. ಅವರು ಮೈಕುಗಳ ಸಂಖ್ಯೆ ಹೆಚ್ಚಿಸಲು ಹೋಗಬಾರದು. ಆ ಕಾಲದಲ್ಲಿ ಇಡೀ ಸೆಟ್ಟಿಗೆ ಒಂದೆರಡು ಮೈಕು ಇದ್ದರೆ ಹೆಚ್ಚು. ಇಂದು ಸ್ನೇರ್ ಮುಂದೆ ತಪ್ಪದೆ ಕಾಣುವ ಶೂರ್ ಎಸ್‌ಎಂ57 ಮೈಕು ಬಂದದ್ದೇ 1965ರಲ್ಲಿ, ಸರ್ಫ್ ಅಲೆ ಇಳಿದ ಮೇಲೆ. ಸೆಟ್ಟಿನ ಮೇಲೊಂದು, ಕಿಕ್ ಮುಂದೊಂದು, ಸ್ನೇರ್ ಬಳಿ ಒಂದು ಎಂದು ಮೂರು ಮೈಕು ಸಾಕಷ್ಟಾಯಿತು. ಮೇಲೆ ಎರಡು ಮೈಕು ಇಡುವುದಾದರೆ ಎರಡೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿರಬೇಕು. ದಾರ ಹಿಡಿದು ಅಳೆದರೆ ಆಯಿತು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಮೈಕು ಅಷ್ಟು ದೂರ ಹಿಂದಿದ್ದರೆ ಎರಡನ್ನೂ ಬೆರೆಸಿದಾಗ 500 ಹರ್ಟ್ಸ್ ಸುತ್ತಲಿನ ನಾದ ಒಂದನ್ನೊಂದು ಅಳಿಸಿಕೊಂಡು ಸ್ನೇರ್ ಸೊರಗುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಬಲೆ ಹೊದಿಕೆಯ ಎಲೆಕ್ಟ್ರಾನಿಕ್ ಸೆಟ್ಟು ನಡುದಾರಿ: ಬಾರಿಸುವುದು ಮನುಷ್ಯ, ನಾದ ಮಾತ್ರ ಕಂಪ್ಯೂಟರಿನದು. ಕೈಕಾಲುಗಳ ಲೆಕ್ಕ ತಾನಾಗಿಯೇ ಸರಿಯಾಗುತ್ತದೆ.

ಗತಿಯನ್ನು ಕಟ್ಟಿಹಾಕುವ ವಿಷಯದಲ್ಲೂ ಎಚ್ಚರ ಬೇಕು. ಅಂದಿನ ಹುಡುಗರ ಬ್ಯಾಂಡುಗಳು ಕಿವಿಯಲ್ಲಿ ಕ್ಲಿಕ್ ಇಟ್ಟುಕೊಂಡು ಬಾರಿಸಲಿಲ್ಲ. ಹುಮ್ಮಸ್ಸು ಬಂದಾಗ ಓಡಿದರು, ರಾಗ ಶುರುವಾದಾಗ ನೆಲಕ್ಕಿಳಿದರು. ಕಂಪ್ಯೂಟರಿನಲ್ಲಿ ಇದನ್ನು ಎರಡು ಮಟ್ಟದಲ್ಲಿ ತರಬಹುದು. ಒಂದು, ಇಡೀ ಹಾಡಿನ ಗತಿರೇಖೆ: ಆರಂಭ 160 ಇದ್ದರೆ ಡ್ರಮ್ಸ್ ಒಂಟಿಯಾಗಿ ಕೇಳುವ ಭಾಗದಲ್ಲಿ 162, ಕೊನೆಯ ಸುತ್ತಿಗೆ 163. ಇನ್ನೊಂದು, ಪ್ರತಿ ಪೆಟ್ಟಿನ ಜಾಗ. ಸ್ನೇರನ್ನು ಐದರಿಂದ ಹತ್ತು ಮಿಲಿಸೆಕೆಂಡು ಮುಂಚೆ ಸರಿಸಿದರೆ ಸಂಗೀತ ಅಲೆಯ ತುದಿಯಲ್ಲಿ ಓಡುವಂತೆ ಕೇಳುತ್ತದೆ, ಹಿಂದಕ್ಕೆ ಸರಿಸಿದರೆ ಸೋಮಾರಿಯಾಗುತ್ತದೆ. 94 ಮಿಲಿಸೆಕೆಂಡಿನ ಅಕ್ಷರದಲ್ಲಿ ಹತ್ತು ಮಿಲಿಸೆಕೆಂಡು ಸಣ್ಣದಲ್ಲ, ಆದ್ದರಿಂದ ಉರುಳಿಕೆಗಳಲ್ಲಿ ಅಷ್ಟು ದೊಡ್ಡ ಪಲ್ಲಟ ಬೇಡ. ತಂತ್ರಾಂಶದಲ್ಲಿರುವ 'ಹ್ಯೂಮನೈಸ್' ಗುಂಡಿಯನ್ನು ಒತ್ತಿದರೆ ಪೆಟ್ಟುಗಳು ಗೊತ್ತುಗುರಿಯಿಲ್ಲದೆ ಅತ್ತಿತ್ತ ಚೆಲ್ಲುತ್ತವೆ. ನುರಿತ ಡ್ರಮ್ಮರಿನ ಪಲ್ಲಟ ಹಾಗಲ್ಲ, ಅದಕ್ಕೊಂದು ಒಲವು ಇರುತ್ತದೆ. ಅದನ್ನು ಕೈಯಿಂದಲೇ ಬರೆಯಬೇಕು.

ಬೆರೆಸುವ ಹಂತದಲ್ಲಿ ದೊಡ್ಡ ಆಮಿಷವೆಂದರೆ ರಿವರ್ಬ್. ಸರ್ಫ್ ಸಂಗೀತವೇ ರಿವರ್ಬ್ ಅಲ್ಲವೇ ಎಂದು ಡ್ರಮ್ಸ್‌ಗೂ ಧಾರಾಳವಾಗಿ ಸುರಿಯುವವರಿದ್ದಾರೆ. ಆ ಒದ್ದೆ ನಾದ ಗಿಟಾರಿನದು. ಸ್ಪ್ರಿಂಗಿನ ಅನುರಣನ ನಿಮಿಷಕ್ಕೆ 160ರ ವೇಗದ ಸ್ನೇರ್ ಮೇಲೆ ಬಿದ್ದರೆ ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟನ್ನು ನುಂಗಿ, ಜೋಡಿ ಪೆಟ್ಟು ಒಂದೇ ಪೆಟ್ಟಾಗಿ ಕೇಳುತ್ತದೆ. ಡ್ರಮ್ಸ್‌ಗೆ ಬೇಕಾದದ್ದು ಒಂದು ಸಣ್ಣ ಕೋಣೆಯ ಅನುರಣನ ಅಥವಾ ಚಿಕ್ಕದಾಗಿ ಇಟ್ಟ ಪ್ಲೇಟ್ ರಿವರ್ಬ್. ಅದರ ಬಾಲದಿಂದ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಕಿಕ್ ಮತ್ತು ಫ್ಲೋರ್ ಟಾಮ್ ಕೆಸರಾಗುವುದಿಲ್ಲ. ಗಿಟಾರು ಒದ್ದೆಯಾಗಿದ್ದು ಡ್ರಮ್ಸ್ ಒಣಗಿದ್ದಾಗಲೇ ಎರಡೂ ಸ್ಪಷ್ಟವಾಗಿ ಕೇಳುತ್ತವೆ.

ಡ್ರಮ್ಸನ್ನು ಎಡದಿಂದ ಬಲಕ್ಕೆ ಹರಡುವ ಇಂದಿನ ರೂಢಿಯನ್ನೂ ಬಿಡುವುದು ಒಳ್ಳೆಯದು. ಇಡೀ ಸೆಟ್ಟನ್ನು ಮೊನೋ ಮಾಡಿ ನಡುವೆ ಇಟ್ಟು, ಎರಡು ಗಿಟಾರುಗಳನ್ನು ಎರಡು ಬದಿಗೆ ಸರಿಸಿದರೆ 1963ರ ರೂಪ ತಾನಾಗಿ ಬರುತ್ತದೆ. ಮೇಲೊಂದಿಷ್ಟು ಟೇಪ್ ಸ್ಯಾಚುರೇಶನ್ ಪ್ಲಗಿನ್ ಹಾಕಿದರೆ ಸಿಂಬಲ್ಲುಗಳ ಚುರುಕು ಮೆದುವಾಗಿ ಟಾಮ್‌ಗಳಿಗೆ ಮೈ ತುಂಬುತ್ತದೆ. ಕಂಪ್ರೆಸರನ್ನು ಹದವಾಗಿಯೇ ಬಳಸಬೇಕು, ಇಲ್ಲವಾದರೆ ವೆಲಾಸಿಟಿಯಲ್ಲಿ ಶ್ರಮಪಟ್ಟು ಬರೆದ ಒತ್ತುಗಳೆಲ್ಲ ಮತ್ತೆ ಚಪ್ಪಟೆಯಾಗುತ್ತವೆ.

ಕುಕಮಾಂಗದ ಆ ಸ್ಟುಡಿಯೋ ಮನೆ-ಮುದ್ರಣಕಾರರಿಗೆ ಇನ್ನೊಂದು ಕಾರಣಕ್ಕೂ ಆಪ್ತವಾಗಬೇಕು. ಅದರ ಒಡೆಯ ಪಾಲ್ ಬಫ್ ಬೇಕಾದ ಯಂತ್ರಗಳನ್ನು ತಾನೇ ಕೈಯಾರೆ ಕಟ್ಟಿಕೊಂಡವನು. ಒಂದೆರಡು ಟ್ರ್ಯಾಕುಗಳಲ್ಲೇ ಹೆಚ್ಚಿನ ಸ್ಟುಡಿಯೋಗಳು ಕೆಲಸ ನಡೆಸುತ್ತಿದ್ದಾಗ ಅವನು ಐದು ಟ್ರ್ಯಾಕಿನ ಟೇಪ್ ರೆಕಾರ್ಡರನ್ನು ಸ್ವಂತವಾಗಿ ತಯಾರಿಸಿದ್ದ. ದಿ ಶಾಂಟೇಸ್ ಬ್ಯಾಂಡಿನ ಪ್ರಸಿದ್ಧ 'ಪೈಪ್‌ಲೈನ್' ಕೂಡ ಅಲ್ಲೇ ಮುದ್ರಣವಾಯಿತು. 1964ರಲ್ಲಿ ಆ ಸ್ಟುಡಿಯೋವನ್ನು ಕೊಂಡುಕೊಂಡವನು ಯುವಕ ಫ್ರಾಂಕ್ ಝಪ್ಪಾ. ಬಫ್ ಮುಂದೆ ಕೆಪೆಕ್ಸ್ ಎಂಬ ನಾಯ್ಸ್ ಗೇಟನ್ನು ರೂಪಿಸಿದ. ಪೆಟ್ಟು ಬಿದ್ದಾಗ ತೆರೆದು, ನಾದ ಇಳಿದಾಗ ಮುಚ್ಚಿಕೊಳ್ಳುವ ಈ ಸಾಧನದ ವಂಶಸ್ಥರು ಇಂದು ಪ್ರತಿ ತಂತ್ರಾಂಶದಲ್ಲೂ ಇದ್ದಾರೆ. ಅದನ್ನು ಸರ್ಫ್ ಡ್ರಮ್ಸ್‌ಗೆ ಬಳಸುವಾಗ ಮಾತ್ರ ಕೈ ಬಿಗಿ ಹಿಡಿಯಬೇಕು. ಟಾಮ್‌ನ ಗುನುಗು, ಸ್ನೇರ್ ತಂತಿಗಳ ಝೇಂಕಾರ ಗೇಟಿನಾಚೆ ಉಳಿದರೆ ಆ ಕಾಲದ ಮೈಕಟ್ಟೇ ಹೋಗುತ್ತದೆ.

ಟ್ರ್ಯಾಕಿಗೆ ದಪ್ಪ ಸಾಲದೆನಿಸಿದಾಗ ಇನ್ನೊಂದು ಹಳೆಯ ಉಪಾಯವಿದೆ. ಜಾನ್ ಮತ್ತು ಡೀನ್ ಎಂಬ ಗಾಯಕ ಜೋಡಿಯ ಮುದ್ರಣಗಳಿಗೆ ಹಾಲ್ ಬ್ಲೇನ್ ಮತ್ತು ಅರ್ಲ್ ಪಾಮರ್ ಎಂಬ ಇಬ್ಬರು ಹೆಸರಾಂತ ಡ್ರಮ್ಮರ್‌ಗಳು ಒಟ್ಟಿಗೆ ಕುಳಿತು ಒಂದೇ ನಡೆಯನ್ನು ಜೊತೆಯಾಗಿ ಬಾರಿಸಿದ್ದುಂಟು. ಮನೆಯಲ್ಲಿ ಇದನ್ನು ಮಾಡುವುದು ಸುಲಭ. ಆದರೆ ಒಂದೇ ಮಿಡಿ ಸಾಲನ್ನು ನಕಲು ಮಾಡಿದರೆ ಸದ್ದು ಜೋರಾಗುತ್ತದೆಯೇ ಹೊರತು ಇಬ್ಬರಾಗುವುದಿಲ್ಲ. ಎರಡನೇ ಕಿಟ್ಟು ಬೇರೆಯದಿರಬೇಕು, ಅದರ ಸಾಲನ್ನು ಹೊಸದಾಗಿ ಬಾರಿಸಿಯೋ ಬರೆದೋ ಸೇರಿಸಬೇಕು.

ಕೀಬೋರ್ಡಿನ ಮೇಲೆ ಬೆರಳಿನಿಂದ ಬಾರಿಸಿ ಬರೆಯುವವರು ಎರಡು ಸರದಿಯಲ್ಲಿ ಬಾರಿಸುವುದು ಒಳ್ಳೆಯದು: ಮೊದಲು ಎರಡು ಕಾಲಿನ ಭಾಗ, ಆಮೇಲೆ ಎರಡು ಕೈಯ ಭಾಗ. ಪ್ರತಿ ಸರದಿಯಲ್ಲೂ ಎರಡೇ ಬೆರಳು. ಆಗ ಮೂರನೇ ಕೈ ನುಸುಳಲು ಎಡೆಯೇ ಇರುವುದಿಲ್ಲ, ಬಲದ ಏರಿಳಿತವನ್ನೂ ಬೆರಳೇ ಬರೆದುಕೊಡುತ್ತದೆ. ಮೊದಲ ಪ್ರಯತ್ನಕ್ಕೆ ಸ್ವಂತ ರಚನೆಗಿಂತ 'ವೈಪ್ ಔಟ್' ಮೇಲು. ಅದರದು ಹನ್ನೆರಡು ಬಾರ್‌ಗಳ ಸರಳ ಬ್ಲೂಸ್ ಚೌಕಟ್ಟು. ಗಿಟಾರು ಮಾತಾಡುವುದೂ ಡ್ರಮ್ಸ್ ಒಂಟಿಯಾಗಿ ಉತ್ತರಿಸುವುದೂ ಅದರೊಳಗೇ ಇದೆ. ಗಿಟಾರನ್ನು ಅರ್ಧ ವೇಗದಲ್ಲಿ ಮುದ್ರಿಸಿಟ್ಟುಕೊಂಡು, 80ರ ಗತಿಯಲ್ಲಿ ಒತ್ತುಗಳನ್ನು ಒಂದೊಂದಾಗಿ ಕೂಡಿಸಿ, ಅವು ಸರಿಯಾಗಿ ಕೂತ ಮೇಲೆ ಹತ್ತು ಹತ್ತರಂತೆ ವೇಗ ಏರಿಸುತ್ತ ಹೋದರೆ 120ರ ಹೊತ್ತಿಗೇ ಆ ನಡೆಯ ಕುಣಿತ ಕೇಳಿಸತೊಡಗುತ್ತದೆ.